ಸಂಬಳವೆಷ್ಟು ಎಂಬ ಪ್ರಶ್ನೆ

ಕೆಲಸ ಬದಲಿಸಹೊರಟವನನ್ನು ಹೊಸ ಯಜಮಾನನು ಮೊದಲು ಕೇಳುವುದು "ಈಗ ನಿಮಗೆ ಸಂಬಳವೆಷ್ಟು?" ಎಂದು. ಪ್ರಶ್ನೆ ಚಿಕ್ಕದು, ಉತ್ತರ ಮಾತ್ರ ಅಷ್ಟು ಚಿಕ್ಕದಲ್ಲ. ತಿಂಗಳು ತಿಂಗಳು ಕೈಗೆ ಬರುವುದೊಂದು, ಪ್ರಾವಿಡೆಂಟ್ ಫಂಡಿಗೆ ಹೋಗುವುದೊಂದು, ಸೇವೆ ಮುಗಿದ ದಿನ ಬರಬೇಕಾದ ಗ್ರಾಚ್ಯುಟಿ ಎಂಬ ಉಪದಾನ ಇನ್ನೊಂದು. ಈ ಕಡೆಯದನ್ನೂ ಕೂಡಿಸಿ ಸಂಬಳವೆಂದು ಹೇಳುವುದು ಸತ್ಯವೋ ಅಸತ್ಯವೋ? ಲೆಕ್ಕದ ಪ್ರಶ್ನೆಯೆಂದು ತೋರುವ ಇದು ನಿಜವಾಗಿ ನೀತಿಯ ಪ್ರಶ್ನೆ. ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವ ಮಕ್ಕಳು ನಾಳೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಇದಕ್ಕೆ ಉತ್ತರ ಹೇಳಬೇಕಾದವರಾದುದರಿಂದ ಇಲ್ಲಿ ವಿಚಾರಿಸುವುದು ಅಪ್ರಸ್ತುತವಾಗಲಾರದು.

ನಮ್ಮ ಭಾಗದ ಹಿರಿಯರಿಗೆ ಇಂಥ ತೊಡಕು ಹೊಸತಾಗಿರಲಿಲ್ಲ. ಉಮರ್ಗಾ, ನಿಲಂಗಾ, ಉದಗೀರಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದಾಗ ಇಲ್ಲಿ ಎರಡು ರೂಪಾಯಿಗಳ ಮಾತಿತ್ತು: ಸಂಸ್ಥಾನದ ಹಾಲಿ ಸಿಕ್ಕಾ, ಬ್ರಿಟಿಷ್ ಇಂಡಿಯಾದ ಕಲ್ದಾರ. ಏಳು ಹಾಲಿಗೆ ಆರು ಕಲ್ದಾರವೆಂಬುದು ರೂಢಿಯ ಲೆಕ್ಕ. ಎಪ್ಪತ್ತು ಹಾಲಿ ಪಡೆಯುತ್ತಿದ್ದ ಗುಮಾಸ್ತನೊಬ್ಬನು ಗಡಿಯಾಚೆಯ ಸೊಲ್ಲಾಪುರಕ್ಕೆ ಕೆಲಸ ಹುಡುಕಿಕೊಂಡು ಹೋಗಿ "ನನಗೆ ಎಪ್ಪತ್ತು" ಎಂದಿದ್ದನೆಂದುಕೊಳ್ಳೋಣ. ಅವನು ನುಡಿದ ಅಂಕಿ ನಿಜ. ಕೇಳಿದವನ ಮನಸ್ಸಿನಲ್ಲಿ ಮೂಡಿದ ಅಂಕಿ ಸುಳ್ಳು. ಕಲ್ದಾರದಲ್ಲಿ ಅದು ಅರವತ್ತು ಮಾತ್ರ. ದೋಷವಿದ್ದುದು ಎಪ್ಪತ್ತರಲ್ಲಿ ಅಲ್ಲ, ನಾಣ್ಯದ ಹೆಸರನ್ನು ನುಂಗಿದುದರಲ್ಲಿ. ಹಾಲಿ ಸಿಕ್ಕಾ 1950ರ ದಶಕದಲ್ಲಿ ಮರೆಯಾಯಿತು. ನುಂಗುವ ಅಭ್ಯಾಸ ಮರೆಯಾಗಿಲ್ಲ.

ಗ್ರಾಚ್ಯುಟಿಯ ಸ್ವರೂಪವನ್ನು ಸ್ವಲ್ಪ ನೋಡೋಣ. ಆ ಪದಕ್ಕೆ ಮೂಲದಲ್ಲಿ ಸಂತೋಷದಿಂದ ಕೊಟ್ಟ ಕಾಣಿಕೆಯೆಂಬ ಅರ್ಥವಿತ್ತು. ಕೊಟ್ಟರೆ ಧಣಿಯ ಔದಾರ್ಯ, ಕೊಡದಿದ್ದರೆ ಕೇಳುವಂತಿಲ್ಲ. 1972ರ ಕಾಯಿದೆಯು ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಲ್ಲಿ ಅದನ್ನು ಹಕ್ಕಾಗಿಸಿತು. ಐದು ವರ್ಷ ಎಡೆಬಿಡದೆ ದುಡಿದವನಿಗೆ, ಸೇವೆಯ ಪ್ರತಿ ವರ್ಷಕ್ಕೂ ಹದಿನೈದು ದಿನದ ವೇತನ. ತಿಂಗಳಿಗೆ ಇಪ್ಪತ್ತಾರು ದಿನದ ಲೆಕ್ಕ. ಆಧಾರ ಕಟ್ಟಕಡೆಗೆ ಪಡೆದ ವೇತನ. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಕ್ರಮವೇ ಮುಂದುವರಿದಿದೆ. ನಿಗದಿತ ಅವಧಿಗೆ ನೇಮಕಗೊಂಡವರಿಗೆ ಮಾತ್ರ ಒಂದು ವರ್ಷದ ಸೇವೆ ಸಾಕು. ಲೆಕ್ಕಕ್ಕೆ ಹಿಡಿಯುವ ವೇತನ ತಿಂಗಳಿಗೆ 20,000 ರೂಪಾಯಿ ಇದ್ದರೆ ವರ್ಷಕ್ಕೆ 11,538 ರೂಪಾಯಿ, ಅಂದರೆ ಶೇಕಡ 4.81, ಹೀಗೆ ಸಂಚಯವಾಗುತ್ತದೆ. ಅನೇಕ ಕಂಪನಿಗಳು ನೇಮಕಾತಿ ಪತ್ರದಲ್ಲಿಯೇ ಇದನ್ನು ಕೂಡಿಸಿ ದೊಡ್ಡ ಮೊತ್ತವೊಂದನ್ನು ತೋರಿಸುತ್ತವೆ.

ಈಗ ಮೂರು ವರ್ಷ ದುಡಿದು ಬಿಡಹೊರಟ ಕಾಯಂ ನೌಕರನನ್ನು ನೆನೆಯಿರಿ. ಅವನು ಆ ದೊಡ್ಡ ಮೊತ್ತವನ್ನೇ ತನ್ನ ಸಂಬಳವೆಂದರೆ, ಬಿಡುವ ಕ್ರಿಯೆಯಿಂದಲೇ ಕಳೆದುಕೊಳ್ಳುತ್ತಿರುವುದನ್ನು ಪಡೆಯುತ್ತಿರುವುದೆಂದು ಹೇಳಿದಂತಾಯಿತು. ಇದು ಒಪ್ಪತಕ್ಕ ಮಾತಲ್ಲ. ಆದರೆ ಅವನಿಗೆ ಆ ಅಂಕಿಯನ್ನು ಕಲಿಸಿದವರು ಯಾರು? ಐದು ವರ್ಷ ನಿಲ್ಲದವನಿಗೆ ಕೊಡಬೇಕಾಗಿಯೇ ಇಲ್ಲದ ಹಣವನ್ನು ಅವನ ಸಂಬಳವೆಂದು ಕಾಗದದ ಮೇಲೆ ಬರೆದುಕೊಟ್ಟ ಧಣಿಯನ್ನು ನಿರ್ದೋಷಿಯೆಂದು ಬಿಟ್ಟು, ಅದನ್ನೇ ಓದಿ ಹೇಳಿದ ಆಳನ್ನು ಸುಳ್ಳುಗಾರನೆನ್ನುವುದು ನ್ಯಾಯವಲ್ಲ.

ಶಿಕ್ಷಕರ ಸಂಗತಿ ಇನ್ನೂ ವಿಚಿತ್ರ. ಸರಕಾರಿ ಶಾಲೆಯವರ ನಿಯಮ ಬೇರೆ. ಖಾಸಗಿ ಶಾಲೆಯವರ ಮಾತು ಹೇಳುತ್ತೇನೆ. 1972ರ ಕಾಯಿದೆಯ ವ್ಯಾಖ್ಯೆಯಲ್ಲಿ ಶಿಕ್ಷಕರು ಬರುವುದಿಲ್ಲವೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2009ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗುವಂತೆ ಅವರನ್ನು ಸೇರಿಸಿತು. 2022ರಲ್ಲಿ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಂದಮೇಲೆ 2005ರಲ್ಲಿ ಖಾಸಗಿ ಶಾಲೆಯ ಶಿಕ್ಷಕಿಯೊಬ್ಬಳು ಗ್ರಾಚ್ಯುಟಿ ಸೇರಿಸಿ ಸಂಬಳ ಹೇಳಿದ್ದರೆ ಅಂದಿಗೆ ಅದು ಸುಳ್ಳು, ನಾಲ್ಕು ವರ್ಷದ ಬಳಿಕ ಅದೇ ಮಾತು ನಿಜ! ಕಾನೂನು ಹಿಂದಕ್ಕೆ ನಡೆಯಬಲ್ಲದು. ನಾಲಗೆಗೆ ಆ ಅನುಕೂಲವಿಲ್ಲ. ನುಡಿದ ಕ್ಷಣದಲ್ಲಿ ನಮಗೆ ಏನು ತಿಳಿದಿತ್ತೋ ಅದರಿಂದಲೇ ಮಾತಿನ ಸತ್ಯವನ್ನು ಅಳೆಯಬೇಕು.

ಇಂಥಲ್ಲಿ ನಮ್ಮವರು ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಎತ್ತುವುದುಂಟು. ಕಲ್ಯಾಣ ನಮಗೆ ದೂರದ ಊರಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದಳೆಂದು ಪರಂಪರೆ ಹೇಳುತ್ತದೆ. ಆದುದರಿಂದ ಕೈಗೆ ಬಂದಷ್ಟೇ ಹೇಳಿ ಸುಮ್ಮನಿರಬೇಕೆಂಬುದು ಕೆಲವರ ತಾತ್ಪರ್ಯ. ನನಗೆ ಇದು ಹೊಂದಿಕೆಯಾಗದು. ಲಕ್ಕಮ್ಮ ಬೇಡವೆಂದುದು ಆ ದಿನದ ಕಾಯಕಕ್ಕೆ ಮೀರಿದುದನ್ನು. ಗ್ರಾಚ್ಯುಟಿಯಾದರೋ ದುಡಿಮೆಯ ಒಳಗಿನದೇ, ತಡವಾಗಿ ಬರುವ ಕೂಲಿ. ಅದನ್ನು ಬಾಯಿಬಿಟ್ಟು ಹೇಳದಿರುವುದು ವೈರಾಗ್ಯವಲ್ಲ. ಹೆಂಡಿರು ಮಕ್ಕಳ ಪಾಲನ್ನು ಬಿಟ್ಟುಕೊಟ್ಟಂತೆ.

ಬಿಟ್ಟುಕೊಡುವುದು ಎಷ್ಟೆಂಬುದನ್ನೂ ತಿಳಿಯಬೇಕು. ಒಬ್ಬನು ಒಂದೇ ಸಂಸ್ಥೆಯಲ್ಲಿ ಇಪ್ಪತ್ತು ವರ್ಷ ದುಡಿದು ಕೊನೆಗೆ 40,000 ರೂಪಾಯಿ ವೇತನಕ್ಕೆ ಬಂದರೆ ಅವನ ಗ್ರಾಚ್ಯುಟಿ ಸುಮಾರು 4,61,500 ರೂಪಾಯಿ. ಇನ್ನೊಬ್ಬನು ಹತ್ತನೆಯ ವರ್ಷ 20,000 ವೇತನವಿದ್ದಾಗ ಬಿಟ್ಟು, ಬೇರೆಡೆ ಹತ್ತು ವರ್ಷ ದುಡಿದು ಅದೇ 40,000ಕ್ಕೆ ಮುಟ್ಟಿದರೆ ಎರಡು ಕಡೆಯದೂ ಸೇರಿ ಸುಮಾರು 3,46,100. ಮೊದಲ ಹತ್ತು ವರ್ಷ ಹಳೆಯ ವೇತನದಲ್ಲಿಯೇ ನಿಂತುಬಿಟ್ಟವು. ಮೊದಲೇ ಪಡೆದ ಹಣಕ್ಕೆ ಬಡ್ಡಿ ಬಂದಿರಬಹುದೆಂಬುದು ಬೇರೆ ಮಾತು. ಇಂಥ ನಷ್ಟವನ್ನು ಹೊಸ ಧಣಿಯ ಮುಂದಿಡುವುದು ನ್ಯಾಯವೇ ಸರಿ. ಆದರೆ ನಷ್ಟವೆಂಬ ಹೆಸರಿನಿಂದ, ಸಂಬಳವೆಂಬ ಹೆಸರಿನಿಂದಲ್ಲ. "ಕೈಗೆ ಇಷ್ಟು ಬರುತ್ತದೆ, ಸೇವೆಯ ಕೊನೆಗೆ ಬರುವುದು ವರ್ಷಕ್ಕೆ ಇಷ್ಟರಂತೆ ಕೂಡುತ್ತಿದೆ, ಇಲ್ಲಿಗೆ ಬಂದರೆ ಇಷ್ಟು ಬಿಡಬೇಕಾಗುತ್ತದೆ" ಎಂದು ಬಿಡಿಸಿ ಹೇಳಿದವನ ಮಾತಿನಲ್ಲಿ ದೋಷ ಹುಡುಕುವುದು ಕಷ್ಟ.

ಆದರೂ ಒಂದು ಕಸಿವಿಸಿ ಉಳಿಯುತ್ತದೆ. ಬಿಡಿಸಿ ಹೇಳಿದವನ ಚಿಕ್ಕ ಅಂಕಿಯನ್ನೇ ಹಿಡಿದು ಕೂಡಿಸಿ ಹೇಳಿದವನಿಗೆ ಹೆಚ್ಚು ಕೊಡುವ ಧಣಿಗಳಿದ್ದಾರೆ. ಅಲ್ಲಿ ಪ್ರಾಮಾಣಿಕತೆಯ ದಂಡ ಪ್ರತಿ ತಿಂಗಳೂ ತೆರಬೇಕಾದುದು. ಇದಕ್ಕೆ ಕೇಳಿದವನು ಮಾತ್ರವೇ ಪರಿಹಾರ ಮಾಡಬಲ್ಲನು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2018ರ ಜನವರಿಯಿಂದ, ಕೆಲಸ ಕೇಳಿ ಬಂದವನ ಹಿಂದಿನ ಸಂಬಳವನ್ನು ವಿಚಾರಿಸುವುದನ್ನೇ ಕಾನೂನು ನಿಷೇಧಿಸಿದೆ. ಹೊಸ ಕೆಲಸದ ಬೆಲೆ ಹೊಸ ಕೆಲಸದಿಂದ ತಿಳಿಯತಕ್ಕದ್ದು ಎಂಬುದು ಅಲ್ಲಿನ ವಾದ. ನಮ್ಮಲ್ಲಿ ಅಂಥ ಶಾಸನವಿಲ್ಲ. ಶಾಲಾ ಸಮಿತಿಗಳಲ್ಲಿ ಕುಳಿತು ಹೊಸಬರನ್ನು ಆರಿಸುವ ನಮ್ಮ ವಾಚಕರಿಗೆ ಅದು ಬೇಕಾಗಿಯೂ ಇಲ್ಲ. ಮುಂದಿನ ಸಂದರ್ಶನದ ದಿನ ಆ ಪ್ರಶ್ನೆಯನ್ನು ಕೇಳದೆ ಬಿಟ್ಟರಾಯಿತು.