ಬಾಡಿಗೆ ರೂಮಿನ ಧರ್ಮ

ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಯಸಳೂರು ಕಡೆಯ ಹಳ್ಳಿಗಳಲ್ಲಿ, ಆಲೂರಿನ ಕಾಫಿ ತೋಟಗಳ ನಡುವೆ ಬೆಳೆದ ಮಕ್ಕಳಲ್ಲಿ ಅನೇಕರು ಪಿಯುಸಿ ಅಥವಾ ಪದವಿಗೆ ಬರುತ್ತಲೇ ಮನೆ ಬಿಡುತ್ತಾರೆ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಬಸ್ಸೂ ಇದೆ, ರೈಲೂ ಇದೆ. ಕಷ್ಟವಿರುವುದು ಹಳ್ಳಿಯಿಂದ ಬಸ್ಸಿನ ರಸ್ತೆಯವರೆಗಿನ ದಾರಿಯಲ್ಲಿ. ಮಳೆಗಾಲದಲ್ಲಿ ಆ ದಾರಿ ಕೆಸರಾಗುತ್ತದೆ. ಮುಂಜಾನೆ, ಮುಸ್ಸಂಜೆ ತೋಟದ ಅಂಚಿನಲ್ಲಿ ಕಾಡಾನೆ ಎದುರಾಗುವ ಭಯ ವರ್ಷವಿಡೀ ಇರುತ್ತದೆ. ಹೀಗೆ ಒಂದು ಭಯ ತಪ್ಪಿಸಿಕೊಳ್ಳಲು ಹಾಸನದಲ್ಲಿ ರೂಮು ಹುಡುಕುವ ಹುಡುಗ ಹುಡುಗಿಯರಿಗೆ ಅಲ್ಲಿ ಬೇರೆ ಬಗೆಯ ಭಯಗಳು ಕಾದಿರಬಹುದು. ಗುರುತಿಲ್ಲದ ವಿದ್ಯಾರ್ಥಿಗೆ ಸೂರು ಕೊಡುವುದು ಧರ್ಮವೋ ವ್ಯವಹಾರವೋ, ಬಾಡಿಗೆ ಎಣಿಸಿಕೊಂಡ ಮೇಲೆ ಕೊಟ್ಟವರ ಹೊಣೆ ಮುಗಿಯಿತೋ ಎಂಬ ಹಳೆಯ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ.

ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿ, ತಂಗಲು ಬಂದ ಯಾರನ್ನೂ ಹಿಂದಕ್ಕೆ ಕಳಿಸದಿರುವುದನ್ನು ವ್ರತವೆಂದೇ ಹೇಳುತ್ತದೆ. ವೀರಶೈವ ಮಠಗಳಲ್ಲಿ ಅನ್ನ, ಅಕ್ಷರ, ಆಶ್ರಯ ಮೂರೂ ಸೇರಿ ತ್ರಿವಿಧ ದಾಸೋಹವಾದವು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮೀಜಿ (1907–2019) ಇದನ್ನು ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ವಿಸ್ತರಿಸಿದರು. ಮಲೆನಾಡಿನಿಂದ ಮೈಸೂರಿಗೆ ಓದಲು ಹೋದ ಕುವೆಂಪು ಅವರಿಗೆ ಅಲ್ಲಿನ ರಾಮಕೃಷ್ಣಾಶ್ರಮ ಮನೆಯಾಯಿತು. ಆದರೆ ಧರ್ಮದ ಹೆಸರಿನ ಆಶ್ರಯಕ್ಕೆ ಗಡಿಗಳೂ ಇದ್ದವು. ಬಡ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಣ್ಣುತ್ತಿದ್ದ ವಾರಾನ್ನ ಹೆಚ್ಚಾಗಿ ಜಾತಿಯೊಳಗೇ ಸುತ್ತುತ್ತಿತ್ತು. ಉಂಡವನು ತಲೆತಗ್ಗಿಸಿಯೇ ಇರಬೇಕಿತ್ತು. ಈ ದೃಷ್ಟಿಯಲ್ಲಿ ಬಾಡಿಗೆಗೂ ಒಂದು ಘನತೆಯಿದೆ. ಹಣ ಕೊಟ್ಟು ಇರುವವನು ಯಾರ ಹಂಗಿನಲ್ಲೂ ಇಲ್ಲ.

ಹಂಗು ತಪ್ಪಿತೆಂದು ಹೊಣೆ ತಪ್ಪುವುದಿಲ್ಲ. ಇದನ್ನು ವಿಚಾರಿಸಲು ಇದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಶತಮಾನಗಳಿಂದ ನೆಲೆಸಿರುವ ಜೈನ ಚಿಂತನೆ ನೆರವಾಗುತ್ತದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳ ಪಟ್ಟಿ ಪ್ರಸಿದ್ಧ. ಸಮಂತಭದ್ರರ ರತ್ನಕರಂಡ ಶ್ರಾವಕಾಚಾರದ ಪಟ್ಟಿಯಲ್ಲಿ ಅಭಯದ ಹೆಸರಿಲ್ಲ, ಆವಾಸವಿದೆ. ಅಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಮುನಿಗಳಿಗೆ ಸಲ್ಲುವ ದಾನದ ವಿಷಯ. ಬಾಡಿಗೆ ದಾನವೂ ಅಲ್ಲ. ಆದರೂ ಎರಡು ಪಟ್ಟಿಗಳನ್ನು ಒಟ್ಟಿಗಿಟ್ಟು ಓದಿದರೆ ಒಂದು ವಿಚಾರ ಹೊಳೆಯುತ್ತದೆ: ಭಯ ಕಳೆಯದ ವಾಸ ವಾಸವೇ ಅಲ್ಲ. ಗೋಡೆ, ಮಾಡು, ನಲ್ಲಿಗೆ ಬೆಲೆ ಕಟ್ಟಬಹುದು. ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳಬಹುದಾದ ಚಿಲಕ, ಕೇಳದೆ ಒಳನುಗ್ಗದ ಮಾಲೀಕ, ಕೊಟ್ಟ ಮಾತು ಉಳಿಸಿಕೊಳ್ಳುವ ನಡತೆ ಇವು ಬಾಡಿಗೆಯ ಮೇಲೆ ತೋರುವ ದಯೆಯಲ್ಲ, ಬಾಡಿಗೆಯೊಳಗೇ ಸೇರಿದ ಸಾಲ.

ಅಭಯ ಇಬ್ಬರಿಗೂ ಬೇಕು. ಮನೆ ಕೊಡುವವರು 'ಯಾರ ಮಗ, ಯಾವ ಕಾಲೇಜು, ಯಾವ ಊರು' ಎಂದು ಕೇಳುವುದು, ಕಾಲೇಜಿನ ಗುರುತಿನ ಚೀಟಿ ನೋಡುವುದು, ಪೊಲೀಸ್ ಠಾಣೆಗೆ ತಿಳಿಸುವುದು ನ್ಯಾಯವೇ. ಅದೇ ದನಿಯಲ್ಲಿ 'ನಿಮ್ಮದು ಯಾವ ಜನ?' ಎಂಬ ಪ್ರಶ್ನೆ ಬಂದಾಗ ವಿಚಾರಣೆಯ ಗುರಿಯೇ ಬದಲಾಗುತ್ತದೆ. ನಡತೆ ತಿಳಿಯಲು ಹುಟ್ಟು ದಾರಿಯಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ವಾಸಕ್ಕೆ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾನೂನು ಮುಟ್ಟಲಾಗದ ನಯವಾದ ನಿರಾಕರಣೆಗಳೇ ಹೆಚ್ಚು. ಅವು ಧರ್ಮದ ಕಣ್ಣಿಗಾದರೂ ಬೀಳಬೇಕು. ಹೆಣ್ಣುಮಕ್ಕಳ ಪಿಜಿಗಳಲ್ಲಿ ಇನ್ನೊಂದು ತೊಡಕಿದೆ. ರಾತ್ರಿ ಗೇಟು ಹಾಕುವ ಹೊತ್ತನ್ನು ಮೊದಲೇ ಹೇಳಿ ಒಪ್ಪಿಸುವುದು ಬೇರೆ, ಹೊತ್ತು ಮೀರಿದವಳನ್ನು ಬೀದಿಯಲ್ಲಿ ನಿಲ್ಲಿಸುವುದು ಬೇರೆ. ಎರಡನೆಯದನ್ನು ರಕ್ಷಣೆಯೆಂದು ಕರೆಯಲಾಗದು.

ವಿದ್ಯಾರ್ಥಿಯ ಕಡೆಯಿಂದ ಎಚ್ಚರವೂ ಕರ್ತವ್ಯವೇ, ಏಕೆಂದರೆ ಅಡ್ವಾನ್ಸಿಗೆ ಹೋಗುವುದು ಬಹಳ ಸಲ ಅಪ್ಪ ಅಮ್ಮನ ಕೂಲಿ ಅಥವಾ ಕಾಫಿ, ಮೆಣಸಿನ ಹಣ. ಫೋನಿಗೆ ಬಂದ ಫೋಟೊ ನಂಬಿ, ಬೇರೆಯವರು ಮುಗಿಸಿಬಿಡುತ್ತಾರೆಂಬ ಆತುರಕ್ಕೆ ಮಣಿದು ಹಣ ಕಳಿಸಬಾರದು. ಹಗಲೊಮ್ಮೆ, ಕತ್ತಲಾದ ಮೇಲೊಮ್ಮೆ ಹೋಗಿ ಬೀದಿ, ಬೀಗ, ನೀರು ನೋಡಬೇಕು. ಈಗ ಅಲ್ಲಿರುವ ಹುಡುಗರನ್ನೋ ಪಕ್ಕದ ಅಂಗಡಿಯವರನ್ನೋ ಮಾತಾಡಿಸಬೇಕು. ಬಾಡಿಗೆಗೆ ಕೊಡುತ್ತಿರುವವರು ನಿಜಕ್ಕೂ ಮಾಲೀಕರೇ ಎಂಬುದಕ್ಕೆ ಕಂದಾಯದ ಅಥವಾ ಕರೆಂಟಿನ ಬಿಲ್ಲು ಕೇಳುವುದು ಅವಿಶ್ವಾಸವಲ್ಲ.

ಕರಾರು ಪತ್ರವೂ ಹಾಗೆಯೇ. ಆಡಿದ ಮಾತು ಇಬ್ಬರಿಗೂ ಒಂದೇ ರೀತಿ ನೆನಪಿರಲೆಂದು ಬರೆದಿಡುವುದು ಸತ್ಯವನ್ನು ಕಾಯುವ ಉಪಾಯ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಬೇಕಾದ್ದರಿಂದ 11 ತಿಂಗಳ ಕರಾರು ರೂಢಿಗೆ ಬಂತು. 18 ತುಂಬದ ಪಿಯುಸಿ ವಿದ್ಯಾರ್ಥಿಗೆ 1872ರ ಕರಾರು ಕಾಯ್ದೆಯಡಿ ಕರಾರು ಮಾಡುವ ಅರ್ಹತೆಯಿಲ್ಲ; ಪೋಷಕರೇ ತಮ್ಮ ಹೆಸರಿನಲ್ಲಿ ಮಾಡಿಕೊಳ್ಳಬೇಕು. ಅಡ್ವಾನ್ಸ್ ಎಷ್ಟು, ಬಿಡುವಾಗ ಸುಣ್ಣಬಣ್ಣಕ್ಕೆ ಎಷ್ಟು ಮುರಿಯುತ್ತಾರೆ, ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದು ಅದರಲ್ಲಿರಲಿ. ಹಣ ಬ್ಯಾಂಕಿನ ಮೂಲಕ ಹೋಗಲಿ, ಕೈಯಲ್ಲಿ ಕೊಟ್ಟರೆ ರಸೀದಿ ಬರಲಿ.

ಅಡ್ವಾನ್ಸ್ ಹೊಂದಿಸಲಾರದವರಿಗೆ ಸಮಾಜ ಕಲ್ಯಾಣ ಇಲಾಖೆಯ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ (ಬಿಸಿಎಂ) ಹಾಸ್ಟೆಲುಗಳಿವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳ ಊಟ ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ನೆರವು ನೀಡಲು ರೂಪುಗೊಂಡದ್ದು ವಿದ್ಯಾಸಿರಿ. ಮಠದ ದಾಸೋಹದಲ್ಲಿದ್ದ ಆಶ್ರಯ ಇಲ್ಲಿ ಹಕ್ಕಾಗಿ ಬಂದಿದೆ, ಕೃತಜ್ಞತೆಯ ಭಾರವಿಲ್ಲದೆ.

ರೂಮು ಬಿಡುವ ದಿನ ಮಾಲೀಕರ ಧರ್ಮ ನಿಜವಾಗಿ ಒರೆಗೆ ಬೀಳುತ್ತದೆ. ಮುಂದೆ ಅವರಿಗೆ ಆ ಹುಡುಗನಿಂದ ಆಗಬೇಕಾದ್ದು ಏನೂ ಇಲ್ಲ. ಹಣ ಮಾತ್ರ ಅವರ ಕೈಯಲ್ಲಿದೆ. ಅದನ್ನು ನೆಪ ಹೇಳಿ ಹಿಡಿದರೆ ಹಾಸನದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು. 1987ರ ಕಾಯ್ದೆಯಡಿ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.