ತಡೆಯಿಲ್ಲದ ಮಾಳಿಗೆ

ಸುತ್ತ ತಡೆಯಿಲ್ಲದ ಮಾಳಿಗೆಯ ಮೇಲೆ ರಾತ್ರಿ ಮಲಗಿದವನ ರಕ್ಷಣೆಯ ಹೊಣೆ ಕಳಚಿಹೋಗುತ್ತದೆ ಎಂಬರ್ಥದ ಹದೀಸೊಂದು ಅಬೂದಾವೂದ್ ಸಂಗ್ರಹದಲ್ಲಿದೆ. ಮನೆ ಕಟ್ಟುವುದಕ್ಕೂ ದೀನ್‌ಗೂ ಏನು ಸಂಬಂಧವೆಂದು ಕೇಳುವವರು ಇದನ್ನು ಗಮನಿಸಬೇಕು. ಅಜಾಗರೂಕತೆಗೆ ತವಕ್ಕುಲ್ ಎಂಬ ಹೆಸರಿಡಲು ಇಸ್ಲಾಮ್ ಅನುಮತಿಸುವುದಿಲ್ಲ.

ನಮ್ಮ ಕರಾವಳಿಯ ಹಳೆಯ ಕೆಂಪುಕಲ್ಲಿನ ಮನೆಗಳನ್ನೇ ನೋಡಿರಿ. ಅವುಗಳಲ್ಲಿ ಸಾಮಾನ್ಯವಾಗಿ ಕಂಬಗಳಿಲ್ಲ, ಮಾಡಿನ ಭಾರವನ್ನು ಗೋಡೆಗಳೇ ಹೊರುತ್ತವೆ. ಮಗನ ಮದುವೆ ನಿಶ್ಚಯವಾಗುತ್ತದೆ, ಗಲ್ಫ್‌ನಿಂದ ಹಣ ಬರುತ್ತದೆ. ಚಾವಡಿ ವಿಶಾಲವಾಗಲೆಂದು ನಡುಗೋಡೆ ಒಡೆಯುತ್ತಾರೆ. ಹಂಚು ಇಳಿಸಿ ಮೇಲೊಂದು ಅಂತಸ್ತು ಏರಿಸುತ್ತಾರೆ. ಪಂಚಾಂಗ ಅಷ್ಟು ಭಾರಕ್ಕೆಂದು ಹಾಕಿದ್ದೇ ಎಂದು ಕೇಳಿದರೆ, ಮೇಸ್ತ್ರಿಗೆ ಮೂವತ್ತು ವರ್ಷದ ಅನುಭವವಿದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮೇಸ್ತ್ರಿಯ ಕೈಕೆಲಸವನ್ನು ನಾನು ಹೀಗಳೆಯುತ್ತಿಲ್ಲ. ಆದರೆ ಕಲ್ಲು ಕಟ್ಟುವ ವಿದ್ಯೆ ಬೇರೆ, ಭಾರ ಲೆಕ್ಕಹಾಕುವ ವಿದ್ಯೆ ಬೇರೆ. ವೈದ್ಯ ತಿಳಿಯದೆ ಚಿಕಿತ್ಸೆ ಮಾಡಿದವನು ಅದರ ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಟ್ಟಡದ ಕೆಲಸಕ್ಕೂ ಇದೇ ನ್ಯಾಯ ಸಲ್ಲುತ್ತದೆ; ಇಂಜಿನಿಯರನ ಫೀಸು ಉಳಿಸಲೆಂದು ತಿಳಿದೂ ತಿಳಿದೂ ಹಾಗೆ ಮಾಡಿಸಿದ ಯಜಮಾನನೂ ಆ ಹೊಣೆಯಲ್ಲಿ ಪಾಲುದಾರನೆಂದೇ ನನ್ನ ಅಭಿಪ್ರಾಯ.

"ನನ್ನ ಜಾಗ, ನನ್ನ ಹಣ, ಪಂಚಾಯತಿನವರಿಗೇನು?" ಎನ್ನುವವರಿದ್ದಾರೆ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಮೃತಪಟ್ಟರು. ಅಲ್ಲಿ ಕೂಲಿಗೆ ಬಂದವರಿಗೆ ಆ ಜಾಗವೂ ಆ ಹಣವೂ ತಮ್ಮದಾಗಿರಲಿಲ್ಲ. ನೆರೆಮನೆಯವರು, ಬಾಡಿಗೆದಾರರು, ಕೆಲಸದಾಳುಗಳು, ಇವರ ಜೀವದ ಹಕ್ಕು ನಮ್ಮ ಗೋಡೆಯ ಜೊತೆ ಕಟ್ಟಿಕೊಂಡಿದೆ. ಪರವಾನಿಗೆಯ ನಿಯಮಗಳು ಮುಖ್ಯವಾಗಿ ಅವರ ಪರವಾಗಿ ಇವೆ.

ಪರವಾನಿಗೆಗಾಗಿ ಅಲೆದಾಟವಿದೆ, ಕೆಲವೆಡೆ ಲಂಚವನ್ನೂ ಕೇಳುತ್ತಾರೆ ಎಂಬ ದೂರು ಸುಳ್ಳಲ್ಲ. ಅದರ ವಿರುದ್ಧ ದೂರು ಕೊಡಬಹುದು, ಕೊಡಲೇಬೇಕು. ಆದರೆ ನಾನು ಕಂಡಂತೆ, ಹೀಗೆ ದೂರುವವರಲ್ಲಿ ಹಲವರು ಅರ್ಜಿಯನ್ನೇ ಹಾಕಿರುವುದಿಲ್ಲ. ಇನ್ನು ಕೆಲವರು ನಕ್ಷೆಯಲ್ಲಿ ಒಂದು ಅಂತಸ್ತು ತೋರಿಸಿ ಎರಡು ಕಟ್ಟುತ್ತಾರೆ. ಕರಾರುಗಳನ್ನು ಪೂರ್ತಿಗೊಳಿಸಿರೆಂದು ಅಲ್‌ಮಾಇದ ಅಧ್ಯಾಯದ ಪ್ರಥಮ ಸೂಕ್ತದಲ್ಲೇ ಆಜ್ಞೆಯಿದೆ. ಸಹಿ ಹಾಕಿಕೊಟ್ಟ ನಕ್ಷೆಯೂ ಒಂದು ಕರಾರೇ ಅಲ್ಲವೇ?

ಮಸೀದಿಗೆ ಮೇಲಂತಸ್ತು ಏರಿಸುವ ಜಮಾಅತ್ ಕಮಿಟಿಗಳಿಗೂ ಈ ಮಾತು ಅನ್ವಯಿಸುತ್ತದೆ. ಶುಕ್ರವಾರ ಅಲ್ಲಿ ನೂರಾರು ಜನ ಒಮ್ಮೆಗೇ ನಿಲ್ಲುತ್ತಾರೆ, ಒಮ್ಮೆಗೇ ಸುಜೂದ್‌ಗೆ ಬಾಗುತ್ತಾರೆ. ಸಿಮೆಂಟಿಗೆ, ಫ್ಯಾನಿಗೆ ಯಾರು ಎಷ್ಟು ಕೊಟ್ಟರೆಂದು ರಶೀದಿ ಪುಸ್ತಕ ಹೇಳುತ್ತದೆ. ಅಷ್ಟು ಜನರ ಭಾರವನ್ನು ಲೆಕ್ಕಹಾಕಿದವರು ಯಾರೆಂದು ಕಮಿಟಿಯನ್ನು ಕೇಳಿ ನೋಡಿರಿ.