ನಮ್ಮ ವಿಜ್ಞಾನದ ಮಾಸ್ತರು ಮತ್ತು ಎರಡು ಗ್ರಹಣ



2024ರ ಏಪ್ರಿಲ್ 8ರ ಸೋಮವಾರವನ್ನು ಟೆಕ್ಸಾಸಿನ ಕನ್ನಡಿಗರು ಯಾರೂ ಮರೆತಿರಲಾರರು. ಅಂದು ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಡಲ್ಲಾಸಿನ ಮೇಲೆಯೇ ಹಾದುಹೋಯಿತು. ಆಸ್ಟಿನ್ನಿನ ಬಹುಭಾಗಕ್ಕೂ ಆ ಭಾಗ್ಯವಿತ್ತು, ಆದರೆ ಮೋಡ ಕಾಟ ಕೊಟ್ಟಿತು. ಹ್ಯೂಸ್ಟನ್ನಿನಲ್ಲಿ ಸೂರ್ಯ ನೂರಕ್ಕೆ 94ರಷ್ಟು ಮುಚ್ಚಿದರೂ ಕತ್ತಲೆ ಮಾತ್ರ ಆಗಲಿಲ್ಲ. ತೊಂಬತ್ನಾಲ್ಕು ಅಂಕ ಬಂದರೂ ಫೇಲಾಗುವ ಪರೀಕ್ಷೆ ಬಹುಶಃ ಇದೊಂದೇ ಇರಬೇಕು.

ಹೀಗಾಗಿ ನಾವು ಮೂವರೂ ಸಂಸಾರ ಸಮೇತ ಡಲ್ಲಾಸಿನ ಮನೆಯ ಹಿತ್ತಲಲ್ಲಿ ಸೇರಿದ್ದೆವು. ನಾವು ಮೂವರೆಂದರೆ ರಾಯಚೂರು ಜಿಲ್ಲೆಯ ಒಂದೇ ಊರಿನ, ಒಂದೇ ಹೈಸ್ಕೂಲಿನವರು. ಈಗ ಒಬ್ಬರು ಡಲ್ಲಾಸ್, ಒಬ್ಬರು ಆಸ್ಟಿನ್, ಒಬ್ಬರು ಹ್ಯೂಸ್ಟನ್. ಹ್ಯೂಸ್ಟನ್ನಿನವರು ಹೆಣ್ಣುಮಗಳು. ಈ ಲೇಖನವನ್ನು ಮೂವರೂ ಕೂಡಿ ಬರೆದಿರುವುದರಿಂದ ‘ನಾವು’ ಎಂದೇ ಬರೆಯುತ್ತೇವೆ. ಯಾರು ಯಾರೆಂಬುದು ಸಂಘದವರಿಗೆ ಹೇಗೂ ಗೊತ್ತು.

ಬರೆಯಲು ಹೊರಟಿದ್ದು ನಮ್ಮ ವಿಜ್ಞಾನದ ಮಾಸ್ತರ ಬಗ್ಗೆ. ಅವರ ಹೆಸರು ಹಾಕುತ್ತಿಲ್ಲ. ಅವರಿಗದು ಸೇರುತ್ತಿರಲಿಲ್ಲ. ಅಲ್ಲದೆ ಇದನ್ನು ಓದುವ ನಿಮಗೂ ಅಂಥ ಒಬ್ಬ ಮಾಸ್ತರರು ಇದ್ದೇ ಇರುತ್ತಾರೆ, ಅವರನ್ನೇ ನೆನೆದುಕೊಂಡು ಓದಿ.

ನಮ್ಮ ಶಾಲೆಯ ಪ್ರಯೋಗಾಲಯವೆಂದರೆ ಒಂದು ಮರದ ಕಪಾಟು. ಅದರ ಬೀಗದ ಕೈ ಹೆಡ್ ಮಾಸ್ತರ ಕಿಸೆಯಲ್ಲಿ. ಒಳಗೆ ಏನಿತ್ತೋ, ನಾವು ನೋಡಿದ್ದು ಕಡಿಮೆ. ನಮ್ಮ ಮಾಸ್ತರು ಆ ಕಪಾಟಿನ ಹಂಗಿಗೆ ಹೋಗಲೇ ಇಲ್ಲ. ಕಾಯಿಸಿದರೆ ಲೋಹ ಹಿಗ್ಗುತ್ತದೆ ಎಂಬ ಪಾಠ ಬಂದ ದಿನ ಇಡೀ ತರಗತಿಯನ್ನು ಕಮ್ಮಾರನ ಕುಲುಮೆಗೆ ಕರೆದುಕೊಂಡು ಹೋದರು. ಬಂಡಿಯ ಗಾಲಿಗೆ ಹಾಕುವ ಕಬ್ಬಿಣದ ಪಟ್ಟಿ ಮರದ ಗಾಲಿಗಿಂತ ತುಸು ಚಿಕ್ಕದಾಗಿರುತ್ತದೆ. ಅದನ್ನು ಸುತ್ತ ಬೆಂಕಿ ಹಾಕಿ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಕೂಡಿಸಿ, ಕೊಡಗಟ್ಟಲೆ ನೀರು ಸುರಿದರು. ಚುಸ್ಸೆಂದು ಹೊಗೆ ಎದ್ದು, ಪಟ್ಟಿ ಕುಗ್ಗಿ, ಗಾಲಿಯ ಕೀಲುಗಳೆಲ್ಲ ಲಟಲಟನೆ ಬಿಗಿದುಕೊಂಡವು. ನಮ್ಮಲ್ಲಿ ಇಬ್ಬರು ಇಂಜಿನಿಯರರಾದದ್ದಕ್ಕೆ ಆ ಸದ್ದೇ ಕಾರಣ ಎಂದರೆ ಉತ್ಪ್ರೇಕ್ಷೆಯಾಗಬಹುದು, ಆದರೆ ಪೂರ್ತಿ ಸುಳ್ಳಲ್ಲ.

ಅವರ ಬಾಯಲ್ಲಿ ಹೆಚ್ಚು ಕೇಳಿದ ಮಾತು, “ನನಗ ಗೊತ್ತಿಲ್ಲ. ನೋಡೂಣು.” ಆ ಕಾಲದ ನಮ್ಮೂರಿನಲ್ಲಿ ಮಾಸ್ತರಾದವರು ಗೊತ್ತಿಲ್ಲ ಎನ್ನುವುದು ಸಣ್ಣ ಮಾತಲ್ಲ.

1980ರ ಫೆಬ್ರುವರಿ 16, ಶನಿವಾರ. ಅಂದಿನ ಖಗ್ರಾಸ ಗ್ರಹಣದ ನೆರಳು ಅಂಕೋಲೆಯ ಕಡಲ ತೀರದಿಂದ ಒಳಗೆ ಬಂದು ಉತ್ತರ ಕರ್ನಾಟಕವನ್ನು ದಾಟಿ ರಾಯಚೂರಿನ ಸೀಮೆಯ ಮೇಲೆ ಹಾದಿತ್ತು. ನಮ್ಮ ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಯಂತ್ರಗಳನ್ನು ತಂದು ಬೀಡು ಬಿಟ್ಟಿದ್ದರು. ಲೋಕವೇ ನೋಡಲು ಬಂದದ್ದನ್ನು ನೋಡಬಾರದೆಂದು ನಮ್ಮ ಮನೆಗಳಲ್ಲಿ ಬಾಗಿಲು ಹಾಕಲು ತಯಾರಿ ನಡೆದಿತ್ತು. ನಮ್ಮ ಹಳ್ಳಿಗಾಡನ್ನೇ ಏಕೆ ಅನ್ನಬೇಕು? ದೊಡ್ಡ ಪಟ್ಟಣಗಳಲ್ಲಿ ಜನ ಹೊರಗೆ ಬಾರದಿರಲೆಂದು ದೂರದರ್ಶನದವರು ಅದೇ ಹೊತ್ತಿಗೆ ಸಿನಿಮಾ ಹಾಕಿದ್ದರು.

ಮುಂಚಿನ ದಿನ ಮಾಸ್ತರು ತರಗತಿಯಲ್ಲಿ ಎರಡು ಮಾತು ಹೇಳಿದರು. ಮೊದಲನೆಯದು ಕಣ್ಣಿನ ವಿಚಾರ. ಸೂರ್ಯನನ್ನು ನೇರವಾಗಿ ನೋಡಿದರೆ ಯಾವ ದಿನವೂ ಕಣ್ಣು ಕೆಡುತ್ತದೆ. ಗ್ರಹಣದ ದಿನ ಹೊಸ ವಿಷವೇನೂ ಸುರಿಯುವುದಿಲ್ಲ, ಆದರೆ ಅಂದು ನೋಡುವ ಆಸೆ ಹುಟ್ಟುತ್ತದೆ. ಕಣ್ಣಿನ ಒಳಪೊರೆ ಸುಟ್ಟರೂ ನೋವು ತಿಳಿಯುವುದಿಲ್ಲ, ಅದೇ ಅಪಾಯ. ಆದ್ದರಿಂದ ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ, ಬೆನ್ನು ಸೂರ್ಯನ ಕಡೆ ಮಾಡಿ, ಬಿಳಿ ಹಾಳೆಯ ಮೇಲೆ ಬಿದ್ದ ಬಿಂಬ ನೋಡಬೇಕು. ಅನೇಕರು ಆಗ ಮಸಿ ಹಿಡಿದ ಗಾಜಿನಲ್ಲಿ ನೋಡುತ್ತಿದ್ದರು. ಅದು ಸಾಲದೆಂದು ಇವತ್ತು ಎಲ್ಲರೂ ಹೇಳುತ್ತಾರೆ, ನಮ್ಮ ಮಾಸ್ತರು ಅಂದೇ ಒಪ್ಪಿರಲಿಲ್ಲ.

ಎರಡನೆಯದು ಒನಕೆಯ ವಿಚಾರ. ಗ್ರಹಣ ಹಿಡಿದಾಗ ತಟ್ಟೆಯಲ್ಲಿ ನೀರು ಹಾಕಿ ಒನಕೆ ಇಟ್ಟರೆ ಅದು ತಾನಾಗಿ ನೆಟ್ಟಗೆ ನಿಲ್ಲುತ್ತದೆ, ಗ್ರಹಣ ಬಿಟ್ಟ ಮೇಲೆ ಬೀಳುತ್ತದೆ ಎಂಬುದನ್ನು ನೀವೂ ಕೇಳಿರುತ್ತೀರಿ. ಮಾಸ್ತರು ನಗಲಿಲ್ಲ. “ನಾಳೆ ನಿಲ್ಲತದ, ಖರೆ. ಇವತ್ತ ನಿಲ್ಲತದೇನು, ಮನ್ಯಾಗ ಇಟ್ಟು ನೋಡ್ರಿ” ಎಂದರು. ಅಂದು ಸಂಜೆ ಊರಿನ ಎಷ್ಟೋ ಮನೆಗಳಲ್ಲಿ ಒನಕೆಗಳು ಗ್ರಹಣವಿಲ್ಲದೆ ನಿಂತವು. ಬುಡ ಸಮನಾಗಿದ್ದರೆ ಸಾಕು, ತುಸು ತಾಳ್ಮೆ ಬೇಕು ಅಷ್ಟೇ. ನಮ್ಮ ಅವ್ವಂದಿರು ನೋಡಿದರು, ಏನೂ ಅನ್ನಲಿಲ್ಲ.

ಕೊನೆಗೆ ಮಾಸ್ತರು ಹೇಳಿದ್ದು: “ನಾಳೆ ಮಧ್ಯಾಹ್ನ ನಾನು ಶಾಲಿ ಬಯಲಿನ್ಯಾಗ ಇರ್ತೀನಿ. ಮನ್ಯಾಗ ಕೇಳಿ ಬರ್ರಿ. ಜಗಳಾಡಿ ಬರಬ್ಯಾಡ್ರಿ, ಕದ್ದೂ ಬರಬ್ಯಾಡ್ರಿ.”

ನಾವು ಮೂವರೂ ಹೋಗಲಿಲ್ಲ. ಮೂರೂ ಮುಕ್ಕಾಲಿನ ಸುಮಾರಿಗೆ ಕಿಟಕಿಯ ಸಂದಿಯ ಬೆಳಕು ಬೂದಿ ಬಣ್ಣಕ್ಕೆ ತಿರುಗಿ ಆರಿತು, ಬೀದಿಯ ನಾಯಿಗಳು ಸುಮ್ಮನಾದವು, ಎರಡೂವರೆ ನಿಮಿಷಕ್ಕಿಂತ ತುಸು ಹೆಚ್ಚು ಹೊತ್ತಿಗೆ ಎಲ್ಲ ಮೊದಲಿನಂತಾಯಿತು. ನಾವು ಕಂಡ ಗ್ರಹಣ ಇಷ್ಟೇ.

ಸೋಮವಾರ ಮಾಸ್ತರು ಕಪ್ಪುಹಲಗೆಯ ಮೇಲೆ ಒಂದು ಪಟ್ಟಿ ಬರೆದರು. ಬೇವಿನ ಮರದ ಕೆಳಗೆ ಥರ್ಮಾಮೀಟರ್ ಇಟ್ಟು ಐದೈದು ನಿಮಿಷಕ್ಕೆ ಬರೆದುಕೊಂಡ ಉಷ್ಣಾಂಶ. ಬಂದವರು ಹನ್ನೊಂದು ಹುಡುಗರು ಮಾತ್ರ. ಬಾರದವರೂ ನಕ್ಷೆ ಬಿಡಿಸಬಹುದಲ್ಲ ಎಂದು ಪಟ್ಟಿಯನ್ನು ಎಲ್ಲರಿಗೂ ಕೊಟ್ಟರು. ಪಟ್ಟಿಯಲ್ಲಿ ಮೂರೂ ಮುಕ್ಕಾಲರ ಎದುರಿನ ಜಾಗ ಖಾಲಿ ಇತ್ತು. ಹುಡುಗನೊಬ್ಬ ಕೇಳಿದ. “ಆ ಹೊತ್ತಿನ್ಯಾಗ ನಾನೂ ಮ್ಯಾಲ ನೋಡಿಕೋತ ನಿಂತಿದ್ದೆ, ಥರ್ಮಾಮೀಟರ್ ಮರತೆ” ಎಂದರು. ಹಿಂದಿನದಕ್ಕೂ ಮುಂದಿನದಕ್ಕೂ ನಡುವಿನ ಅಂಕಿ ಹಾಕಿದರೆ ಆಯಿತಲ್ಲ ಸರ್ ಎಂದದ್ದಕ್ಕೆ, “ನೋಡದ್ದನ್ನ ನೋಡೀನಿ ಅಂತ ಬರೀಬಾರದಪ್ಪಾ” ಎಂದರು.

ಅದೇ ಪೀರಿಯಡ್ಡಿನಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ, ಸಿಟ್ಟಿಲ್ಲದೆ, ಯಾಕೆ ಬರಲಿಲ್ಲವೆಂದು ಕೇಳಿದರು. ಮೂವರೂ ಒಂದೇ ಮಾತು ಹೇಳಿದೆವು: “ಮನ್ಯಾಗ ಬಿಡಲಿಲ್ಲ ಸರ್.” ಆಯಿತೆಂದು ತಲೆಯಾಡಿಸಿದರು.

ನಲವತ್ತನಾಲ್ಕು ವರ್ಷದ ಮೇಲೆ ಡಲ್ಲಾಸಿನ ಹಿತ್ತಲಲ್ಲಿ, ಬಿಸಿಬೇಳೆ ಭಾತಿನ ತಟ್ಟೆ ಹಿಡಿದು ಕೂತಿದ್ದಾಗ ಒಂದು ಸಂಗತಿ ಬಯಲಾಯಿತು. ನಮ್ಮ ಮೂವರಲ್ಲಿ ನಿಜವಾಗಿ ಮನೆಯಲ್ಲಿ ಕೇಳಿದವರು ಹ್ಯೂಸ್ಟನ್ನಿನ ಹೆಣ್ಣುಮಗಳು ಒಬ್ಬರೇ. ಅಜ್ಜಿಯ ಕೈಲಿ ಬೈಸಿಕೊಂಡು ಒಳಗೆ ಕೂತರಂತೆ. ಉಳಿದಿಬ್ಬರು ಕೇಳಲೇ ಇಲ್ಲ. ಕತ್ತಲೆಗೆ ಹೆದರಿದೆವೋ, ಕಣ್ಣು ಹೋದೀತೆಂದು ಹೆದರಿದೆವೋ, ಈಗ ಹೇಳಲಾರೆವು. ಹೆದರಿಕೆಗೆ ವಿಧೇಯತೆಯ ಅಂಗಿ ತೊಡಿಸಿದೆವು, ಅಷ್ಟು ನಿಜ.

ಹದಿನಾಲ್ಕು ವರ್ಷದ ಹುಡುಗರ ಒಂದು ಸಣ್ಣ ಸುಳ್ಳು, ಅದನ್ನೇನು ದೊಡ್ಡದು ಮಾಡುವುದು ಎಂದು ನೀವು ಕೇಳಬಹುದು. ನಾವೂ ಮೊದಲು ಹಾಗೆಯೇ ನಕ್ಕೆವು. ಆದರೆ ಆ ಸುಳ್ಳು ಅಲ್ಲಿಗೇ ನಿಂತಿರಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಎಷ್ಟು ಪಾರ್ಟಿಗಳಲ್ಲಿ ಈ ಕಥೆ ಹೇಳಿದ್ದೇವೆ! ಮನೆಯ ಮೇಲೆಯೇ ಖಗ್ರಾಸ ಗ್ರಹಣ, ನಮ್ಮವರು ಮೂಢನಂಬಿಕೆಯಿಂದ ನಮ್ಮನ್ನು ಕೂಡಿಹಾಕಿದರು, ಎಂದು. ಎಲ್ಲರೂ ನಗುತ್ತಿದ್ದರು. ನಮ್ಮ ಮಕ್ಕಳು ಅದನ್ನು ಕೇಳುತ್ತಲೇ ಬೆಳೆದರು. ಊರಿನ ಅಜ್ಜಿ ಎಂದರೆ ಸೂರ್ಯನಿಗೆ ಹೆದರಿ ಮಕ್ಕಳನ್ನು ಕೋಣೆಯಲ್ಲಿ ಕೂಡಿದ ಹೆಂಗಸು ಎಂದು ಅವರ ಮನಸ್ಸಿನಲ್ಲಿ ಉಳಿಯಿತು. ಯಾರೂ ಕೇಳದ ಪ್ರಶ್ನೆಗೆ ಆ ತಾಯಿ ನಲವತ್ತು ವರ್ಷ ಉತ್ತರ ಕೊಟ್ಟಂತಾಯಿತು. ನಮ್ಮ ಮಾಸ್ತರು ಕಲಿಸಿದ ವಿಚಾರವಂತಿಕೆಯನ್ನು ನಾವು ಬಳಸಿದ್ದು ಇದಕ್ಕೆ!

ಇಲ್ಲಿ ಡಾ. ಎಚ್. ನರಸಿಂಹಯ್ಯನವರ ನೆನಪು ಬರುತ್ತದೆ. ಗೌರಿಬಿದನೂರಿನ ಬಳಿಯ ಹೊಸೂರಿನ ಬಡ ಹುಡುಗ, 1935ರಲ್ಲಿ ನಡೆದುಕೊಂಡೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲು ಸೇರಿದವರು, 1942ರ ಚಳವಳಿಯಲ್ಲಿ ಜೈಲು ಕಂಡವರು. ನಮ್ಮ ಹಾಗೆಯೇ ಅಮೆರಿಕಕ್ಕೆ ಬಂದು ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದರು. ನಮ್ಮ ಹಾಗಲ್ಲದೆ ಹಿಂದಿರುಗಿ ಹೋದರು, ಬದುಕಿನ ಬಹುಪಾಲನ್ನು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಕಳೆದರು. (ಹಿಂದಿರುಗುವ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ, ಅದನ್ನೆತ್ತಿದರೆ ಈ ಪತ್ರಿಕೆಗೆ ಇನ್ನೂ ಹತ್ತು ಪುಟ ಬೇಕಾದೀತು.) 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿ ಪವಾಡ ಮತ್ತು ಮೂಢನಂಬಿಕೆಗಳನ್ನು ಪರಿಶೀಲಿಸುವ ಸಮಿತಿ ಮಾಡಿದರು, ದೊಡ್ಡ ದೊಡ್ಡವರನ್ನು ಬಹಿರಂಗವಾಗಿ ಪ್ರಶ್ನೆ ಕೇಳಿದರು, ಬೈಗುಳವನ್ನೂ ತಿಂದರು. 2005ರಲ್ಲಿ ತೀರಿಕೊಳ್ಳುವವರೆಗೂ ಆ ಹಟ ಬಿಡಲಿಲ್ಲ.

ನರಸಿಂಹಯ್ಯನವರ ದಾರಿಗೆ ಹೋಲಿಸಿದರೆ ನಮ್ಮ ಮಾಸ್ತರದು ಅಂಜುಬುರುಕ ದಾರಿಯೇ? ‘ಕೇಳಿ ಬನ್ನಿ, ಜಗಳಾಡಬೇಡಿ’ ಎನ್ನುವುದು ಹಿರಿಯರ ಅಜ್ಞಾನಕ್ಕೆ ತಲೆಬಾಗಿದಂತಲ್ಲವೇ? ಈ ಬಗ್ಗೆ ನಮ್ಮ ಮೂವರಲ್ಲೇ ಒಮ್ಮತವಿಲ್ಲ. ಆಸ್ಟಿನ್ನಿನವರ ಮಾತು: ಹುಡುಗರನ್ನು ಗದರಿಸಿಯಾದರೂ ಬಯಲಿಗೆ ಎಳೆದುಕೊಂಡು ಹೋಗಬೇಕಿತ್ತು, ನಮ್ಮ ಊರಿನ ಮೇಲೆ ಅಂಥದ್ದು ನಮ್ಮ ಜೀವಮಾನದಲ್ಲಿ ಮತ್ತೆ ಬರುವುದಿಲ್ಲ. ಉಳಿದವರಿಗೆ ಹಾಗನಿಸುವುದಿಲ್ಲ. ವಿಶ್ವವಿದ್ಯಾನಿಲಯದ ಕುರ್ಚಿಯಿಂದ ಎತ್ತುವ ಪ್ರಶ್ನೆ ಬೇರೆ. ಮಾಸ್ತರು ಮಾರನೆಯ ದಿನ ಅದೇ ಓಣಿಯಲ್ಲಿ, ಅದೇ ಅವ್ವಂದಿರ ಎದುರು ನಡೆಯಬೇಕಾದವರು. ಅವರು ನಮ್ಮ ಕೈಗೆ ಕೊಟ್ಟದ್ದು ಗ್ರಹಣ ನೋಡುವುದಕ್ಕಿಂತ ಕಷ್ಟದ ಕೆಲಸ: ನಾವು ಪ್ರೀತಿಸುವವರ ಎದುರು ನಿಂತು ಕೇಳುವುದು, ಅವರು ಬೇಡವೆಂದರೆ ಆ ಬೇಡವನ್ನು ಅವರದೆಂದೇ ತಿಳಿಯುವುದು. ಮನೆಯ ಒನಕೆಯನ್ನು ನಿಲ್ಲಿಸಿದ ಮೇಲೂ ನಾವು ಆ ಕೆಲಸ ಮಾಡಲಿಲ್ಲ.

ಆಸ್ಟಿನ್ನಿನವರ ತಾಯಿ ಅಂದು ಡಲ್ಲಾಸಿನ ಮನೆಯಲ್ಲೇ ಇದ್ದರು. ಎಂಬತ್ತಮೂರು ವರ್ಷ, ಆರು ತಿಂಗಳಿಗೆಂದು ಬಂದವರು. ಬೆಳಿಗ್ಗೆಯೇ ಊಟ ಮುಗಿಸಿ, ಹಾಲು ಮೊಸರಿಗೆ ತುಳಸಿ ಎಲೆ ಹಾಕಿ, ಒಳಗಿನ ಕೋಣೆಯಲ್ಲಿ ಜಪಕ್ಕೆ ಕೂರಲು ಹೊರಟಿದ್ದರು. ಮಗ ಹೋಗಿ ಅವರ ಮುಂದೆ ಕೂತು, ಅಂದು ನಿನ್ನನ್ನು ಕೇಳಲೇ ಇಲ್ಲ, ನೀನು ಬಿಡಲಿಲ್ಲವೆಂದು ಎಲ್ಲರಿಗೂ ಹೇಳಿಕೊಂಡು ಬಂದೆ ಎಂದರು. ಅಜ್ಜಿ ಸ್ವಲ್ಪ ಹೊತ್ತು ನೋಡಿದರು. “ಕೇಳಿದ್ರ ಬ್ಯಾಡ ಅಂತಿದ್ದೆ, ಖರೆ. ಆದ್ರ ನೀ ಕೇಳಲಿಲ್ಲಲ್ಲೋ” ಎಂದರು. ಕ್ಷಮಿಸಿದೆ ಎನ್ನಲಿಲ್ಲ, ಸಿಟ್ಟೂ ಮಾಡಲಿಲ್ಲ. ಮೊಮ್ಮಗಳು ಗ್ರಹಣದ ಕನ್ನಡಕ ತಂದು “ಅಜ್ಜಿ, ಹೊರಗೆ ಬರ್ತೀಯಾ?” ಎಂದು ಕೇಳಿದಳು. ಬರೋದಿಲ್ಲ, ನೀ ಹೋಗು ಎಂದು ಬಾಗಿಲು ಮುಂದೆ ಮಾಡಿಕೊಂಡರು. ಕೇಳಿದ್ದಾಯಿತು, ಉತ್ತರ ಬಂದದ್ದಾಯಿತು. ನಾವು ಮತ್ತೆ ಕರೆಯಲಿಲ್ಲ.

ನಮ್ಮ ಮಾಸ್ತರು ತೀರಿಕೊಂಡು ಹಲವು ವರ್ಷಗಳಾದವು. ಸುದ್ದಿ ನಮಗೆ ಮುಟ್ಟಿದ್ದು ಆರು ತಿಂಗಳು ತಡವಾಗಿ. ಬದುಕಿದ್ದಾಗ ನಾವು ಮೂವರೂ ಅವರಿಗೆ ಒಂದು ಕಾಗದ ಬರೆದವರಲ್ಲ. ಈಗ ಶಾಲೆಗೆ ಅವರ ಹೆಸರಿನಲ್ಲಿ ಒಂದು ದೂರದರ್ಶಕ ಕಳಿಸಬೇಕೆಂದು ಹಣ ಕೂಡಿಸಿದ್ದೇವೆ. ಅದರ ಫಲಕದಲ್ಲಿ ಏನು ಬರೆಯಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ‘ಕೃತಜ್ಞ ಶಿಷ್ಯರು’ ಎಂದು ಬರೆಯಲು ಕೈ ಬರುತ್ತಿಲ್ಲ. ಹ್ಯೂಸ್ಟನ್ನಿನವರು, ದೂರದರ್ಶಕ ಕಪಾಟಿನಲ್ಲೇ ಉಳಿಯುತ್ತದೆ, ಅದರ ಬದಲು ನಲವತ್ತು ಥರ್ಮಾಮೀಟರ್ ಕಳಿಸಿ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ.

ಅಂದು ಡಲ್ಲಾಸಿನಲ್ಲಿ ಎರಡು ಗಂಟೆಗೆ ಇಪ್ಪತ್ತು ನಿಮಿಷವಿದ್ದಾಗ ಕತ್ತಲಾಯಿತು, ನಾಲ್ಕು ನಿಮಿಷಕ್ಕೆ ಹತ್ತಿರ ಇತ್ತು. ಅದಕ್ಕೆ ಮುಂಚೆ ಓಕ್ ಮರದ ನೆರಳಿನಲ್ಲಿ, ಎಲೆಗಳ ಸಂದಿಯಿಂದ ಬಿದ್ದ ಸಾವಿರಾರು ಬಿಂಬಗಳು ಬಿದಿಗೆಯ ಚಂದ್ರನ ಹಾಗೆ ಬಾಗಿದ್ದವು. ಬೇವಿನ ಮರದ ಕೆಳಗೆ ಆ ಹನ್ನೊಂದು ಹುಡುಗರು ಇದನ್ನೇ ಕಂಡಿರಬೇಕು. ಮಕ್ಕಳಿಗೆ ಮೊದಲೇ ಒಂದು ಥರ್ಮಾಮೀಟರ್ ಕೊಟ್ಟು ಐದೈದು ನಿಮಿಷಕ್ಕೆ ಬರೆಯಿರೆಂದು ಹೇಳಿದ್ದೆವು. ಎಲ್ಲ ಮುಗಿದ ಮೇಲೆ ಹಾಳೆ ತರಿಸಿ ನೋಡಿದರೆ 1 ಗಂಟೆ 40 ನಿಮಿಷದ ಎದುರು ಖಾಲಿ. ಎಲ್ಲರೂ ಮೇಲೆ ನೋಡುತ್ತಿದ್ದರು. ಒಂಬತ್ತು ವರ್ಷದವನು ಪೆನ್ಸಿಲ್ ಹಿಡಿದು, ನಡುವಿನ ಅಂಕಿ ಹಾಕಲೇ ಎಂದು ಕೇಳಿದ. ಬೇಡವೆಂದೆವು. ಏಕೆಂದು ಕೇಳಿದ್ದಕ್ಕೆ ಮಾಸ್ತರ ಕಥೆಯನ್ನೂ ನಮ್ಮ ಕಥೆಯನ್ನೂ ಹೇಳಬೇಕಾಯಿತು, ಈ ಸಲ ಅಜ್ಜಿ ಪಕ್ಕದಲ್ಲೇ ಕೂತಿದ್ದರು. ಗ್ರಹಣ ಬಿಟ್ಟು ಸ್ನಾನ ಮುಗಿಸಿ ಬಂದು, ಕತ್ತಲಾದಾಗ ನಕ್ಷತ್ರ ಕಂಡವೇನೆಂದು ಅವರೇ ನಮ್ಮನ್ನು ಕೇಳುತ್ತಿದ್ದರು.